ದಾಖಲೆ ಇಲ್ಲದ ಮಕ್ಕಳ ಬಗ್ಗೆ ಎರಡು ಫಾರ್ವರ್ಡ್: ಎರಡೂ ನಮ್ಮನ್ನು ಹೇಗೆ ಒಪ್ಪಿಸುತ್ತವೆ?

ಸಿರಸಂಗಿಯ ಒಂದು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಂದೇ ದಿನ ಎರಡು ಮೆಸೇಜ್ ಬಂದವು. ಒಂದು: "ನುಸುಳುಕೋರರ ಮಕ್ಕಳು ನಮ್ಮ ಶಾಲೆಗಳಲ್ಲಿ ತುಂಬುತ್ತಿದ್ದಾರೆ, ಎಚ್ಚರ!" ಇನ್ನೊಂದು: ಅಳುವ ಮಗುವಿನ ಫೋಟೋ, ಕೆಳಗೆ "ಈ ಕಂದ ಮಾಡಿದ ತಪ್ಪೇನು? ಇಲ್ಲೇ ಹುಟ್ಟಿದ ಮಗು ಭಾರತೀಯನೇ ಅಲ್ಲವೇ?" ಎರಡನ್ನೂ ಹಲವರು ಮುಂದಕ್ಕೆ ಕಳಿಸಿದರು. ಎರಡರಲ್ಲೂ ತಪ್ಪು ಮಾಹಿತಿ ಇದೆ. ನಾವು ಒಂದೊಂದಾಗಿ ನೋಡೋಣ.

ಮೊದಲನೇ ಮೆಸೇಜ್ ಏನು ಮಾಡುತ್ತದೆ?

ಇದರ ಬಂಡವಾಳ ಭಯ. "ತುಂಬುತ್ತಿದ್ದಾರೆ" ಎನ್ನುತ್ತದೆ, ಯಾವ ಶಾಲೆ, ಎಷ್ಟು ಮಕ್ಕಳು ಎಂದು ಹೇಳುವುದಿಲ್ಲ. "ನುಸುಳುಕೋರ" ಎಂಬ ಪದ ವಿಚಾರಣೆಗೆ ಮೊದಲೇ ತೀರ್ಪು ಕೊಟ್ಟುಬಿಡುತ್ತದೆ. ಗಡಿ ದಾಟಿ ಬರುವವರನ್ನು ನಿಯಂತ್ರಿಸುವ ಹಕ್ಕು ಸರ್ಕಾರಕ್ಕಿದೆ ಎಂಬ ವಾದದಲ್ಲಿ ಹುರುಳಿದೆ. ಆದರೆ ಮೆಸೇಜ್ ಆ ವಾದ ಮಾಡದೆ, ಶಾಲೆಗೆ ಹೋಗುವ ಮಗುವಿನ ಕಡೆ ಬೆರಳು ತೋರಿಸುತ್ತದೆ.

ಕಾನೂನು ಏನು ಹೇಳುತ್ತದೆ? ಸಂವಿಧಾನದ 21ಎ ವಿಧಿ 6ರಿಂದ 14 ವರ್ಷದ "ಎಲ್ಲ ಮಕ್ಕಳಿಗೂ" ಶಿಕ್ಷಣ ಎನ್ನುತ್ತದೆ, "ಎಲ್ಲ ನಾಗರಿಕರಿಗೂ" ಎನ್ನುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ದೆಹಲಿಯ ರೋಹಿಂಗ್ಯಾ ಮಕ್ಕಳ ಪ್ರಕರಣದಲ್ಲಿ ಶಿಕ್ಷಣದ ವಿಷಯದಲ್ಲಿ ಯಾವ ಮಗುವಿಗೂ ತಾರತಮ್ಯ ಆಗಬಾರದು ಎಂದು ಸುಪ್ರೀಂ ಕೋರ್ಟ್ 2025ರ ಫೆಬ್ರುವರಿಯಲ್ಲಿ ಹೇಳಿತು. ಶಾಲೆಗೆ ಸೇರಿದ ಮಾತ್ರಕ್ಕೆ ಪೌರತ್ವ ಸಿಗುವುದೂ ಇಲ್ಲ.

ಎರಡನೇ ಮೆಸೇಜ್ ಏನು ಮಾಡುತ್ತದೆ?

ಇದರ ಬಂಡವಾಳ ಕರುಣೆ. ಒಂದೇ ಮುಖ ತೋರಿಸಿ ದೊಡ್ಡ ಪ್ರಶ್ನೆಯನ್ನು ಮುಗಿಸುತ್ತದೆ. "ಮಗುವಿನ ತಪ್ಪಿಲ್ಲ" ಎನ್ನುವಾಗ ತಪ್ಪನ್ನು ಸದ್ದಿಲ್ಲದೆ ಅಪ್ಪ-ಅಮ್ಮನ ತಲೆಗೆ ಕಟ್ಟುತ್ತದೆ. "ಇಲ್ಲೇ ಹುಟ್ಟಿದರೆ ಭಾರತೀಯ" ಎಂಬುದೂ ಈಗ ನಿಜವಲ್ಲ. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಹುಟ್ಟಿದವರಿಗೆ, ಕೆಲವು ವಿನಾಯಿತಿ ಬಿಟ್ಟರೆ, ಜನನವೇ ಸಾಕಿತ್ತು. ಆಮೇಲೆ ಹೆತ್ತವರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು ಎಂದಾಯಿತು. 2004ರ ಡಿಸೆಂಬರ್ 3ರ ನಂತರ ಇನ್ನೊಬ್ಬರು ಅಕ್ರಮ ವಲಸಿಗರೂ ಆಗಿರಬಾರದು.

ಅಮೆರಿಕದಲ್ಲೂ ಇದೇ ಹಗ್ಗಜಗ್ಗಾಟ

ಅಲ್ಲಿ ಚಿಕ್ಕವರಿದ್ದಾಗ ಬಂದ, ದಾಖಲೆ ಇಲ್ಲದ ಯುವಜನರಿಗಾಗಿ 2012ರಲ್ಲಿ "ಡಾಕಾ" ಯೋಜನೆ ಬಂತು. ಎರಡು ವರ್ಷಕ್ಕೊಮ್ಮೆ ನವೀಕರಿಸುವ ರಕ್ಷಣೆ ಮತ್ತು ಕೆಲಸದ ಪರವಾನಗಿ, ಅಷ್ಟೇ. ಅದು ಪೌರತ್ವವಲ್ಲ. ಪರ ಇದ್ದವರು ಅವರನ್ನು "ಡ್ರೀಮರ್ಸ್" ಅಂದರು, ವಿರೋಧಿಗಳು "ಅಕ್ರಮ" ಅಂದರು. 2017ರಲ್ಲಿ ಟ್ರಂಪ್ ಸರ್ಕಾರ ಅದನ್ನು ನಿಲ್ಲಿಸಲು ಹೊರಟಿತು. 2020ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5-4ರಿಂದ ತಡೆಯಿತು, ಆದರೆ ನಿಲ್ಲಿಸಿದ ವಿಧಾನ ಸರಿಯಿಲ್ಲ ಎಂದಷ್ಟೇ ಹೇಳಿತು. ಎರಡೂ ಕಡೆಯ ಫಾರ್ವರ್ಡ್‌ಗಳು ಈ ವ್ಯತ್ಯಾಸವನ್ನೇ ನುಂಗಿದವು.

ಎಚ್-1ಬಿ ವೀಸಾದಲ್ಲಿ ಹೋದ ಕನ್ನಡ ಕುಟುಂಬಗಳಿಗೂ ಇದರ ಬಿಸಿ ಬೇರೆ ರೀತಿ ತಟ್ಟುತ್ತದೆ. ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕಾಯುವಾಗ ಮಗುವಿಗೆ 21 ತುಂಬಿದರೆ ಅಪ್ಪ-ಅಮ್ಮನ ವೀಸಾದ ಆಸರೆ ತಪ್ಪುತ್ತದೆ. ಆ ಮಕ್ಕಳು ಕಾನೂನುಬದ್ಧವಾಗಿ ಇದ್ದವರಾದ್ದರಿಂದ ಡಾಕಾ ಅವರಿಗೆ ಅನ್ವಯಿಸುವುದೂ ಇಲ್ಲ. ಅವರನ್ನು ಯಾರಾದರೂ "ಹೊರಗಿನವರು, ಹೋಗಲಿ" ಎಂದರೆ ನಮಗೆ ಹೇಗನಿಸುತ್ತದೆ?

ಹಣೆಪಟ್ಟಿ ಯಾರ ಹಣೆಗೆ ಬಿತ್ತು?

2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ "ಅಕ್ರಮ ಬಾಂಗ್ಲಾದೇಶಿಗಳು" ಇದ್ದಾರೆಂಬ ವಿಡಿಯೋ ಹರಿದಾಡಿತು. ಕೆಲವೇ ದಿನಗಳಲ್ಲಿ ಗುಡಿಸಲುಗಳು ನೆಲಸಮವಾದವು. ಅಲ್ಲಿದ್ದ ಅನೇಕರು ಆಧಾರ್, ಮತದಾರರ ಚೀಟಿ ತೋರಿಸಿದರು. ಅಸ್ಸಾಂ, ತ್ರಿಪುರಾದವರ ಜೊತೆ ನಮ್ಮ ಉತ್ತರ ಕರ್ನಾಟಕದಿಂದ ದುಡಿಯಲು ಹೋದವರೂ ಇದ್ದರು. ವಿಷಯ ಹೈಕೋರ್ಟ್ ಮೆಟ್ಟಿಲೇರಿ, ತೆರವಿಗೆ ತಡೆ ಬಿತ್ತು. ಅಷ್ಟರಲ್ಲಿ ಮನೆಗಳು ಹೋಗಿದ್ದವು. ಫಾರ್ವರ್ಡ್ ಮಾಡಿದವರು ಯಾರೂ ದಾಖಲೆ ಕೇಳಿರಲಿಲ್ಲ.

ಕಳಿಸುವ ಮೊದಲು ಮೂರು ಪ್ರಶ್ನೆ

ಅಂಕಿ ಎಲ್ಲಿಂದ ಬಂತು? ಆ ಪದ ತೆಗೆದು "ದಾಖಲೆ ಇಲ್ಲದ ಮಗು" ಎಂದು ಓದಿದರೆ ವಾದ ನಿಲ್ಲುತ್ತದೆಯೇ? ಕೊನೆಗೆ, ಇದು ತಪ್ಪಾದರೆ ಯಾರ ಮನೆ ಬೀಳುತ್ತದೆ?

ಇಲ್ಲಿ ನಾವೊಂದು ಮಾತು ಒಪ್ಪಿಕೊಳ್ಳಬೇಕು. ಓದುವ ಮಕ್ಕಳಿಗೆಂದು ಆಸ್ತಿ ಬಿಟ್ಟುಹೋದ ಸಿರಸಂಗಿ ಲಿಂಗರಾಜರ ಹೆಸರು ಹೇಳಿ ನಿಮ್ಮನ್ನು ಒಪ್ಪಿಸೋಣ ಎಂದು ನಮಗೂ ಅನಿಸಿತ್ತು. ಅದೂ ಒಂದು ತಂತ್ರವೇ, ಊರಿನ ಅಭಿಮಾನ ತಟ್ಟುವ ತಂತ್ರ. ವಲಸೆ ನೀತಿ ಬಿಗಿಯಾಗಬೇಕೋ ಸಡಿಲವಾಗಬೇಕೋ ನೀವೇ ತೀರ್ಮಾನಿಸಿ. ಆದರೆ ಮಗುವನ್ನು ಶಾಲೆಯಿಂದ ಹೊರಗಿಡಿ ಎನ್ನುವ ಮೆಸೇಜ್ ಬಂದರೆ, ಕಾನೂನು ಹಾಗೆ ಹೇಳುವುದಿಲ್ಲ ಎಂದು ಅದರ ಕೆಳಗೇ ಒಂದು ಸಾಲು ಬರೆಯಿರಿ.