ಪುಟ್ಟ ಕುದುರೆ: ಬೇರೆ ತಳಿಯೋ, ಗಿಡ್ಡ ತಟ್ಟುವೋ?



ಈ ಸಲದ ಜಾತ್ರೆಯಲ್ಲಿ ನಾವೆಲ್ಲ ಒಂದು ಪುಟ್ಟ ಕುದುರೆ ನೋಡಿದೆವು. ಅದರ ಬೆನ್ನು ನಮ್ಮ ಸೊಂಟಕ್ಕೂ ಬರುತ್ತಿರಲಿಲ್ಲ. ಕುದುರೆಯವನು ಚಿಕ್ಕ ಮಕ್ಕಳನ್ನು ಕೂರಿಸಿ ಒಂದು ಸುತ್ತು ಹಾಕಿಸುತ್ತಿದ್ದ. "ಇದು ಮರಿ ಅಲ್ಲ, ಬೆಳೆದ ಕುದುರೆ. ಫಾರಿನ್ ತಳಿ" ಅಂದ.

ಮಾರನೆಯ ದಿನ ನಮ್ಮ ಕಲಿಕಾ ಕೇಂದ್ರದಲ್ಲಿ ಅದೇ ಮಾತು. "ತಳಿಯೂ ಇಲ್ಲ, ಏನೂ ಇಲ್ಲ. ಹೊಟ್ಟೆಗೆ ಸಾಲದೆ ಗಿಡ್ಡ ಆಗಿದೆ" ಎಂದರು ಒಬ್ಬ ಅಕ್ಕ. "ತಟ್ಟು ಕಣೇ ಅದು" ಎಂದರು ಇನ್ನೊಬ್ಬರು. ಪಾಠ ಅಲ್ಲಿಗೇ ನಿಂತಿತು. ಆಮೇಲೆ ನಾವು ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ.

ಮೊದಲು, ತಳಿ ಅಂದರೆ ಏನು? ನಿಮಗೆ ಗೊತ್ತಿರುವ ದನದಿಂದಲೇ ಶುರು ಮಾಡೋಣ.

ಒಂದು ಹಳ್ಳಿಕಾರ್ ಕರುವಿಗೆ ಹಾಲು, ಮೇವು ಸಾಲದೆ ಹೋದರೆ ಅದು ಗಿಡ್ಡ ಆಗುತ್ತೆ. ಆದರೆ ಅದಕ್ಕೆ ಹುಟ್ಟಿದ ಕರುವನ್ನು ಚೆನ್ನಾಗಿ ಸಾಕಿ ನೋಡಿ. ಅದು ದೊಡ್ಡದಾಗಿಯೇ ಬೆಳೆಯುತ್ತೆ. ಮಲೆನಾಡು ಗಿಡ್ಡ ಹಾಗಲ್ಲ. ಅದಕ್ಕೆ ಎಷ್ಟೇ ಹಿಂಡಿ, ಬೂಸಾ ತಿನ್ನಿಸಿ, ಅದು ಗಿಡ್ಡವೇ. ಅದರ ಕರುವೂ ಗಿಡ್ಡ, ಕರುವಿನ ಕರುವೂ ಗಿಡ್ಡ. ಗುಣ ಹೀಗೆ ತಾಯಿಯಿಂದ, ತಂದೆಯಿಂದ ಮರಿಗೆ ಇಳಿದು ಬಂದರೆ ಅದು ತಳಿ. ಬಹಳ ಕಾಲ ಮಲೆನಾಡು ಗಿಡ್ಡವನ್ನು ಬರೀ 'ನಾಟಿ ದನ' ಅಂತ ಬಿಟ್ಟಿದ್ದರು. 2012ರಲ್ಲಿ ಅದು ಸರ್ಕಾರದ ತಳಿಗಳ ಪಟ್ಟಿಗೆ ಸೇರಿತು. ದನ ಮೊದಲೂ ಅದೇ, ಈಗಲೂ ಅದೇ. ಪುಸ್ತಕದಲ್ಲಿ ಹೆಸರು ಬರೆದದ್ದು ಮಾತ್ರ ಹೊಸದು.

ಈಗ ಕುದುರೆಗೆ ಬರೋಣ.

ಕುದುರೆಯ ಎತ್ತರವನ್ನು ತಲೆಯವರೆಗೆ ಅಳೆಯುವುದಿಲ್ಲ. ನೆಲದಿಂದ ಹೆಗಲಿನವರೆಗೆ, ಅಂದರೆ ಕತ್ತು ಬೆನ್ನಿಗೆ ಸೇರುವ ಜಾಗದವರೆಗೆ ಅಳೆಯುತ್ತಾರೆ. ಸಾಮಾನ್ಯವಾಗಿ 58 ಇಂಚಿಗಿಂತ ಕಮ್ಮಿ ಇದ್ದರೆ ಅದು ತಟ್ಟು. ಇಂಗ್ಲಿಷಿನಲ್ಲಿ ಪೋನಿ ಅನ್ನುತ್ತಾರೆ. ತಟ್ಟುಗಳಲ್ಲೂ ಬೇರೆ ಬೇರೆ ತಳಿಗಳಿವೆ. ನಮ್ಮ ದೇಶದ ಮಣಿಪುರದಲ್ಲಿ, ಹಿಮಾಲಯದ ಸ್ಪಿತಿಯಲ್ಲಿ ಹೆಸರಾದ ತಟ್ಟುಗಳಿವೆ.

ತೀರಾ ಗಿಡ್ಡ ತಟ್ಟು ಅಂದರೆ ಶೆಟ್ಲೆಂಡ್. ಬ್ರಿಟನ್ನಿನ ಉತ್ತರಕ್ಕೆ, ಸಮುದ್ರದ ನಡುವೆ ಶೆಟ್ಲೆಂಡ್ ಎಂಬ ದ್ವೀಪಗಳಿವೆ. ಅಲ್ಲಿ ಚಳಿ, ಬಿರುಗಾಳಿ. ಮರ ಕಡಿಮೆ, ಹುಲ್ಲೂ ಕಡಿಮೆ. ದೊಡ್ಡ ಕುದುರೆಗೆ ಅಲ್ಲಿ ಹೊಟ್ಟೆ ತುಂಬುವುದಿಲ್ಲ. ಸಣ್ಣ ಮೈಯ, ದಪ್ಪ ಕೂದಲಿನ ಕುದುರೆಗಳೇ ಅಲ್ಲಿ ಉಳಿದುಕೊಂಡವು. ಸಾವಿರಾರು ವರ್ಷದಿಂದ ಹೀಗೆ ಉಳಿದು ಬಂದ ತಟ್ಟು ಅದು. ಅದರ ಎತ್ತರ 42 ಇಂಚು ಮೀರಬಾರದು ಅಂತ ನಿಯಮ ಇದೆ.

ಈ ತಟ್ಟುವಿನ ಕತೆಯಲ್ಲಿ ಹೆಂಗಸರ ಕತೆಯೂ ಸೇರಿದೆ. ಅದನ್ನು ಬಿಟ್ಟು ಮುಂದೆ ಹೋಗಲು ನಮಗೆ ಮನಸ್ಸು ಬರಲಿಲ್ಲ.

ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಗಂಡಸರು ಕಲ್ಲಿದ್ದಲು ಅಗೆಯುತ್ತಿದ್ದರು. ಅದನ್ನು ಹೊರುವ, ಎಳೆಯುವ ಕೆಲಸ ಎಷ್ಟೋ ಗಣಿಗಳಲ್ಲಿ ಹೆಂಗಸರದು, ಮಕ್ಕಳದು. ಸುರಂಗ ಕೆಲವು ಕಡೆ ಎಷ್ಟು ತಗ್ಗು ಅಂದರೆ, ಎದ್ದು ನಿಲ್ಲಲು ಆಗುತ್ತಿರಲಿಲ್ಲ. ಸೊಂಟಕ್ಕೆ ಪಟ್ಟಿ ಕಟ್ಟಿ, ಪಟ್ಟಿಗೆ ಸರಪಳಿ ಸಿಕ್ಕಿಸಿ, ಕೈ ಕಾಲು ಊರಿ ತೆವಳುತ್ತಾ ಗಾಡಿ ಎಳೆಯಬೇಕಿತ್ತು. ಬಸುರಿ ಹೆಂಗಸರೂ ಎಳೆಯುತ್ತಿದ್ದರು. ಸರ್ಕಾರ ವಿಚಾರಣೆ ಮಾಡಿಸಿತು. ಚಿತ್ರಗಳ ಸಮೇತ ವರದಿ ಅಚ್ಚಾಯಿತು. ಅದನ್ನು ನೋಡಿ ಜನ ತಲೆ ತಗ್ಗಿಸಿದರು. 1842ರಲ್ಲಿ ಕಾನೂನು ಬಂತು. ಹೆಂಗಸರು, ಹುಡುಗಿಯರು, 10 ವರ್ಷದೊಳಗಿನ ಹುಡುಗರು ಗಣಿಯ ಒಳಗೆ ಇಳಿಯುವ ಹಾಗಿಲ್ಲ ಎಂದಾಯಿತು. ಒಳ್ಳೆಯದೇ. ಆದರೆ ಎಷ್ಟೋ ಹೆಂಗಸರ ಕೂಲಿಯೂ ಅದರ ಜೊತೆಗೇ ಹೋಯಿತು.

ಹೆಂಗಸರು ಹೊರಗೆ ಬಂದರು, ತಟ್ಟುಗಳು ಒಳಗೆ ಹೋದವು. ತಗ್ಗು ಸುರಂಗಕ್ಕೆ ಗಿಡ್ಡ ಕುದುರೆಯೇ ಬೇಕು. ಆದರೆ ಗಟ್ಟಿಯಾಗಿಯೂ ಇರಬೇಕು. ಗಣಿ ಇದ್ದ ಒಬ್ಬ ಸಾಹುಕಾರ 1870ರ ಹೊತ್ತಿಗೆ ಶೆಟ್ಲೆಂಡಿನಲ್ಲೇ ಅಂಥ ತಟ್ಟುಗಳನ್ನು ಆರಿಸಿ ಆರಿಸಿ ಮರಿ ಮಾಡಿಸಿದ. 1890ರಲ್ಲಿ ಅವುಗಳ ವಂಶಾವಳಿ ಬರೆದಿಡಲು ಒಂದು ಸಂಘ ಆಯಿತು. ಯಾವುದರ ತಾಯಿ ಯಾವುದು, ತಂದೆ ಯಾವುದು ಅಂತ ಪುಸ್ತಕದಲ್ಲಿ ಬರೆದಿಟ್ಟರು. ಹಾಗಾಗಿ ಶೆಟ್ಲೆಂಡ್ ತಟ್ಟು ಒಂದು ತಳಿ ಅನ್ನುವುದರಲ್ಲಿ ಜಗಳವೇ ಇಲ್ಲ.

ಜಗಳ ಇರುವುದು ಅಮೆರಿಕದ 'ಮಿನಿಯೇಚರ್' ಕುದುರೆಯ ಬಗ್ಗೆ. ಜಾತ್ರೆಯಲ್ಲಿ ಫಾರಿನ್ ಅಂದನಲ್ಲ, ಅಂಥದ್ದು. ಶೆಟ್ಲೆಂಡ್ ತಟ್ಟುಗಳು ಹಡಗಿನಲ್ಲಿ ಅಮೆರಿಕಕ್ಕೂ ಹೋಗಿದ್ದವು. ಅಲ್ಲಿ ಇನ್ನೂ ಗಿಡ್ಡದನ್ನು ಆರಿಸುತ್ತಾ ಹೋದರು. 1972ರಲ್ಲಿ ಒಂದು ಸಂಘ ಅವುಗಳಿಗೆಂದು ಬೇರೆ ಪುಸ್ತಕ ಶುರು ಮಾಡಿತು. 1978ರಲ್ಲಿ ಇನ್ನೊಂದು ಸಂಘ ಹುಟ್ಟಿತು. ಅದರ ನಿಯಮ 34 ಇಂಚು. ಅಂದರೆ ಎರಡು ಮೊಳಕ್ಕೆ ಎರಡು ಇಂಚು ಕಮ್ಮಿ!

ಸಾಕುವವರು ಹೇಳುವುದು ಹೀಗೆ: "ತಟ್ಟು ದಪ್ಪ, ಅದರ ಕಾಲು ಮೋಟು. ನಮ್ಮದು ಹಾಗಲ್ಲ. ತೆಳು ಕಾಲು, ಉದ್ದ ಕತ್ತು. ಫೋಟೋದಲ್ಲಿ ನೋಡಿದರೆ ದೊಡ್ಡ ಕುದುರೆಯೇ ಅನ್ನಬೇಕು." ಈ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. ಚೆನ್ನಾಗಿ ಸಾಕಿದ ಕಡೆ ನೋಡಲು ಹಾಗೇ ಇರುತ್ತವೆ.

ಆದರೆ ಇನ್ನೊಂದು ಮಾತು ಕೇಳಿ. ಆ ಸಂಘದ ಪುಸ್ತಕದಲ್ಲಿ ತಾಯಿಯ ಹೆಸರೂ ಇದೆ, ತಂದೆಯ ಹೆಸರೂ ಇದೆ. ಮರಿ ಬೆಳೆದು 35 ಇಂಚು ಆಯಿತು ಅನ್ನಿ. ಅದು ನಿಯಮದ ಅಳತೆಗೆ ಹೊರಗೆ! ಬಹಳ ವರ್ಷ, ಹೊರಗಿನ ಕುದುರೆಯನ್ನೂ ಎತ್ತರ ಸರಿ ಇದ್ದರೆ ಸೇರಿಸಿಕೊಂಡದ್ದೂ ಇದೆ. ಹಳ್ಳಿಕಾರ್ ಕರು ಒಂದು ಇಂಚು ಎತ್ತರ ಬೆಳೆದರೆ ಅದು ಹಳ್ಳಿಕಾರ್ ಅಲ್ಲ ಅಂತ ಯಾರಾದರೂ ಅಂತಾರಾ? ಇನ್ನು, 2013ರಲ್ಲಿ ವಿಜ್ಞಾನಿಗಳು ಹಲವು ತಳಿಯ ಕುದುರೆಗಳ ವಂಶವಾಹಿ ಪರೀಕ್ಷೆಯ ವಿವರ ಪ್ರಕಟಿಸಿದರು. ಮಿನಿಯೇಚರ್ ಕುದುರೆ ಶೆಟ್ಲೆಂಡ್ ತಟ್ಟುವಿನ ಹತ್ತಿರದ ನೆಂಟ ಎಂದು ಅದರಲ್ಲಿ ಕಂಡಿತು.

ಆದ್ದರಿಂದ ನಮಗೆ ಅನ್ನಿಸುವುದು ಇಷ್ಟು. ಅದರ ರಕ್ತ ಹೆಚ್ಚಾಗಿ ತಟ್ಟುವಿನದು. ತಳಿ ಅನ್ನಿಸಿಕೊಳ್ಳುವ ದಾರಿಯಲ್ಲಿದೆ, ಆದರೆ ಇನ್ನೂ ಅಳತೆಪಟ್ಟಿಯ ಕೈಯಲ್ಲಿದೆ. ಅರ್ಜೆಂಟೀನಾ ದೇಶದ ಫಲಾಬೆಲ್ಲಾ ಕುದುರೆಯ ಮಾತು ಬೇರೆ. ಅದನ್ನು ಒಂದೇ ಮನೆತನದವರು ತಲೆಮಾರುಗಳ ಕಾಲ ಬೆಳೆಸಿದರು. ಅದಕ್ಕೆ ತಳಿ ಎಂಬ ಹೆಸರು ಹೆಚ್ಚು ಒಪ್ಪುತ್ತೆ.

ಹೆಸರು ಏನಾದರೇನು ಅಂತ ನೀವು ಕೇಳಬಹುದು. ಇಂಚಿನ ಹಿಂದೆ ಬಿದ್ದರೆ ಕಷ್ಟ ಕುದುರೆಗೆ. ಗಿಡ್ಡ ಇದ್ದಷ್ಟೂ ಬೆಲೆ ಅಂತ ಆದಾಗ, ಕುಬ್ಜ ಮರಿ ಹುಟ್ಟುವ ದೋಷ ಇರುವ ಕುದುರೆಗಳನ್ನೂ ಕೂಡಿಸಿದರು. ಅಂಥ ಮರಿಗೆ ಕಾಲು ಸೊಟ್ಟ, ಹಲ್ಲು ಕೂಡುವುದಿಲ್ಲ, ತಲೆ ಮಾತ್ರ ದೊಡ್ಡದು. ಎಷ್ಟೋ ಮರಿಗಳು ಬದುಕುವುದಿಲ್ಲ. ತಾಯಿ ತಂದೆಯಲ್ಲಿ ಈ ದೋಷ ಇದೆಯೇ ಅಂತ ತಿಳಿಯುವ ಪರೀಕ್ಷೆ ಈಗ ಇದೆ. ದೋಷ ಇಲ್ಲದಿದ್ದರೂ, ಪುಟ್ಟ ಕುದುರೆ ಈಯುವಾಗ ಮರಿ ಸಿಕ್ಕಿಕೊಳ್ಳುವುದು ಹೆಚ್ಚು. ರಾತ್ರಿಯೆಲ್ಲ ಹತ್ತಿರ ಇದ್ದು ನೋಡಿಕೊಳ್ಳಬೇಕು.

ಇದನ್ನೆಲ್ಲ ನಮ್ಮ ಕೇಂದ್ರದಲ್ಲಿ ಓದಿ ಹೇಳಿದೆವು. "ಹೊಟ್ಟೆಗೆ ಸಾಲದೆ ಗಿಡ್ಡ ಆಗಿದೆ" ಎಂದಿದ್ದ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದ್ರೆ ಅವತ್ತು ನಾವು ಆ ಕುದುರೆ ನೋಡಿ ಬಂದದ್ದು ಸಾಲದು. ಅದರ ತಾಯಿ ಎಷ್ಟು ಎತ್ತರ ಇತ್ತು ಅಂತ ಕೇಳಬೇಕಿತ್ತು" ಅಂದರು.