ಕವಚವಿದ್ದೂ ಕಾಪಿಲ್ಲದ ಏಡಿ

ಅರ್ಬುದವೆಂಬ ಮಹಾವ್ಯಾಧಿಗೆ ಕನ್ನಡದಲ್ಲಿ ಕರ್ಕರೋಗವೆಂಬ ಇನ್ನೊಂದು ಹೆಸರುಂಟು. ಕರ್ಕವೆಂದರೆ ಏಡಿ. ಪ್ರಾಚೀನ ಗ್ರೀಸಿನ ವೈದ್ಯರು ರೋಗದ ಗಂಟನ್ನೂ ಅದರ ಸುತ್ತ ಚಾಚಿಕೊಂಡ ನರಗಳನ್ನೂ ಕಂಡು ಏಡಿಯ ಕಾಲುಗಳನ್ನು ನೆನೆದರಂತೆ. ಹೀಗೆ ಮನುಷ್ಯನು ತನ್ನ ರೋಗಕ್ಕೆ ಏಡಿಯ ಹೆಸರಿಟ್ಟು ಎರಡು ಸಾವಿರ ವರ್ಷಗಳ ಮೇಲಾಯಿತು. ಆದರೆ ಏಡಿಗೇ ರೋಗ ಬಂದರೆ? ಪಂಚಾಂಗದ ಕರ್ಕಾಟಕ ರಾಶಿಯ ಹೊರತು ಏಡಿಯ ಪರಿಚಯವೇ ಇಲ್ಲದ ನಮ್ಮಂಥ ಪೇಟೆವಾಸಿಗಳಿಗೆ ಈ ಪ್ರಶ್ನೆ ಹೊಳೆಯುವುದಿಲ್ಲ. ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ನದಿಯು ಕಡಲನ್ನು ಸೇರುವ ಅಳಿವೆಯಲ್ಲಿ, ಒಂದು ಬೆಳಗ್ಗೆ ದೋಣಿಯಲ್ಲಿ ಕುಳಿತುಕೊಳ್ಳುವವರೆಗೆ ನನಗೂ ಹೊಳೆದಿರಲಿಲ್ಲ.

ದೋಣಿ ನಡೆಸುತ್ತಿದ್ದ ಮುದುಕರು ಬಲೆಯಿಂದ ಒಂದು ದೊಡ್ಡ ಕೆಸರೇಡಿಯನ್ನು ಬಿಡಿಸಿ, ಅದರ ಹೊಟ್ಟೆಯ ಕಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಮರುಕ್ಷಣವೇ ನೀರಿಗೆ ಎಸೆದರು.

“ಅದನ್ನೇಕೆ ಬಿಟ್ಟಿರಿ, ಅಜ್ಜ?”

“ಈಗಷ್ಟೇ ಚಿಪ್ಪು ಕಳಚಿದ್ದು, ಮಾಸ್ತರೆ. ಒಳಗೆ ಬರೀ ನೀರು.”

ಏಡಿಯ ಬಾಳಿನ ಗುಟ್ಟೆಲ್ಲ ಈ ಎರಡು ಮಾತುಗಳಲ್ಲಿ ಅಡಗಿದೆ. ಅದರ ಎಲುಬು ಒಳಗಿಲ್ಲ, ಹೊರಗಿದೆ. ಆ ಗಟ್ಟಿ ಕವಚವು ದೇಹದೊಡನೆ ಬೆಳೆಯುವುದಿಲ್ಲ. ಆದುದರಿಂದ ಬೆಳೆಯಬೇಕಾದಾಗಲೆಲ್ಲ ಏಡಿಯು ಹಳೆಯ ಕವಚದ ಹಿಂಭಾಗವನ್ನು ಸೀಳಿಕೊಂಡು, ಕಣ್ಣು ಕಾಲುಗಳ ಸಮೇತ ಹಿಂದಕ್ಕೆ ಜಾರಿ ಹೊರಬರುತ್ತದೆ. ಬಂದೊಡನೆ ನೀರನ್ನು ಹೀರಿ ಉಬ್ಬಿ, ಮೆತ್ತಗಿರುವ ಹೊಸ ಚರ್ಮವನ್ನು ಹಿಗ್ಗಿಸಿಕೊಳ್ಳುತ್ತದೆ. ಅದು ಗಟ್ಟಿಯಾಗಿ ಒಳಗೆ ಮಾಂಸ ತುಂಬಲು ಹಲವು ದಿನಗಳು ಬೇಕು. ಅಲ್ಲಿಯವರೆಗೆ ಮೀನು, ಹಕ್ಕಿ ಹಾಗಿರಲಿ, ಸ್ವಂತ ಕುಲಬಾಂಧವರೂ ಅದಕ್ಕೆ ಶತ್ರುಗಳೇ. ಹೆಣ್ಣೇಡಿಯ ವಿವಾಹವೂ ಈ ಅಸಹಾಯ ಗಳಿಗೆಯಲ್ಲಿಯೇ ನಡೆಯುತ್ತದೆಂಬುದು ವಿಚಿತ್ರ. ಗಂಡು ಮುಂಚಿತವಾಗಿಯೇ ಬಂದು ಅವಳನ್ನು ತನ್ನ ಅಡಿಯಲ್ಲಿ ಹಿಡಿದುಕೊಂಡು ದಿನಗಟ್ಟಲೆ ಕಾವಲು ಕಾಯುತ್ತದೆ. ಇಂಥ ಸಮಯದಲ್ಲಿ ಏಡಿಗೆ ಆಶ್ರಯವೆಂದರೆ ದಡದ ಬಿಲ ಮತ್ತು ಕಾಂಡ್ಲಾ ಗಿಡಗಳ ಬೇರಿನ ಬಲೆ. ಕಾಂಡ್ಲಾ ಕಡಿದಲ್ಲಿ ಏಡಿಯ ಬಾಣಂತಿಕೋಣೆಯನ್ನೇ ಕೆಡವಿದಂತಾಯಿತು.

ಇನ್ನು ಆಹಾರ. ಕೆಸರೇಡಿಯ ಎರಡು ಕೊಂಡಿಗಳಲ್ಲಿ ಒಂದು ಅಡಕತ್ತರಿ, ಇನ್ನೊಂದು ಕುಟ್ಟಾಣಿ. ಚಿಪ್ಪಿನ ಜೀವಿಗಳನ್ನು ಒಡೆದು ತಿನ್ನುವುದಕ್ಕೆಂದೇ ನಿಸರ್ಗ ಮಾಡಿಕೊಟ್ಟ ಆಯುಧಗಳಿವು. ಬಳಚು, ಬಸವನಹುಳು, ಸಣ್ಣ ಏಡಿ, ಸತ್ತ ಮೀನು ಇವೆಲ್ಲ ಅದರ ಊಟ. ಅಳಿವೆಯ ಹೆಣವನ್ನು ತಿಂದು ನೀರನ್ನು ಶುಚಿಯಾಗಿಡುವ ಈ ಪೌರಕಾರ್ಮಿಕನಿಗೆ ಬಳಚಿನ ಮೇಲೆ ಪ್ರೀತಿ ಹೆಚ್ಚು. ಬಳಚಿಗಾದರೋ ಬರಿಯ ಸಿಹಿನೀರು ಒಗ್ಗದು. ಉಪ್ಪು ಸಿಹಿಗಳ ಹದವಾದ ಬೆರಕೆ ಬೇಕು. ಆ ಹದ ಕೆಟ್ಟರೆ ಏನಾಗುವುದೆಂಬುದನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಕುಮಟೆಯ ದಕ್ಷಿಣಕ್ಕೆ ಹೊನ್ನಾವರ, ಅಲ್ಲಿ ಶರಾವತಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದ ಮೇಲೆ ವಿದ್ಯುದಾಗಾರಗಳಿಂದ ಬಿಟ್ಟ ಸಿಹಿನೀರು ಬೇಸಿಗೆಯಲ್ಲಿಯೂ ಅಳಿವೆಗೆ ಹರಿದುಬರತೊಡಗಿತು. ಉಪ್ಪು ತಗ್ಗಿತು. ಒಂದು ಕಾಲಕ್ಕೆ ಸಮೃದ್ಧವಾಗಿದ್ದ ಚಿಪ್ಪಿನ ಜೀವಿಗಳು ಶರಾವತಿಯ ಅಳಿವೆಯಲ್ಲಿ ಬಹುಮಟ್ಟಿಗೆ ಕಣ್ಮರೆಯಾದುವೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ಸಂಶೋಧಕರು ವರದಿ ಮಾಡಿದ್ದಾರೆ. ಅಘನಾಶಿನಿಗೆ ಅಣೆಕಟ್ಟೆಯಿಲ್ಲ, ಅದರ ಅಳಿವೆಯಲ್ಲಿ ಬಳಚು ಆರಿಸುವ ಹೆಂಗಸರನ್ನು ಇಳಿತದ ಹೊತ್ತಿನಲ್ಲಿ ನಾನೇ ಕಂಡೆ. 2024ರಲ್ಲಿ ಈ ಅಳಿವೆಯನ್ನು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗು ತಾಣಗಳ ಪಟ್ಟಿಗೆ ಸೇರಿಸಲಾಯಿತು. ಅಣೆಕಟ್ಟೆಗಳನ್ನು ಹಳಿಯುವ ಹಕ್ಕು ನನಗಿಲ್ಲ. ಇದನ್ನು ಬರೆಯುತ್ತಿರುವ ಮೇಜಿನ ದೀಪವೂ ಪ್ರಾಯಶಃ ಶರಾವತಿಯದೇ. ಆದರೆ ಆ ದೀಪಕ್ಕೆ ಬೆಲೆ ತೆತ್ತವರ ಲೆಕ್ಕದಲ್ಲಿ ಬಳಚೂ ಏಡಿಯೂ ಸೇರಿವೆಯೆಂಬುದನ್ನು ನಮಗಾರೂ ಹೇಳಿರಲಿಲ್ಲ.

ಹಸಿವು, ವೈರಿ ಇವುಗಳಿಂದ ಪಾರಾದ ಏಡಿಯನ್ನೂ ರೋಗ ಬಿಡದು. ಏಡಿಗಳನ್ನು ಕಾಡುವ ಪಿಡುಗುಗಳಲ್ಲಿ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಸ್ಯಾಕ್ಯುಲಿನ. ದೋಣಿಯ ತಳಕ್ಕೂ ಬಂಡೆಗೂ ಅಂಟಿಕೊಂಡು ಬೆಳೆಯುವ ಸಣ್ಣ ಚಿಪ್ಪುಜೀವಿಗಳುಂಟಷ್ಟೆ. ಅವುಗಳ ಬಂಧು ಇದು. ಇದರ ಹೆಣ್ಣುಮರಿ ಈಜುತ್ತ ಬಂದು ಏಡಿಯ ಮೈಮೇಲೆ ಕುಳಿತು, ತನ್ನ ಜೀವಕೋಶಗಳನ್ನು ಮಾತ್ರ ಒಳಕ್ಕೆ ನುಗ್ಗಿಸಿ, ಉಳಿದ ದೇಹವನ್ನು ತೊರೆದುಬಿಡುತ್ತದೆ. ಒಳಹೊಕ್ಕದ್ದು ಏಡಿಯ ದೇಹದಲ್ಲೆಲ್ಲ ಬೇರುಗಳನ್ನು ಹರಡುತ್ತದೆ. ಏಡಿ ತಿಂದದ್ದು ಅದಕ್ಕೆ ಪುಷ್ಟಿ. ಕಡೆಗೊಂದು ದಿನ ಏಡಿಯ ಹೊಟ್ಟೆಯಡಿ, ಮೊಟ್ಟೆಗಳಿರಬೇಕಾದ ಜಾಗದಲ್ಲಿ, ಒಂದು ಮೆತ್ತನೆಯ ಚೀಲ ಹೊರಬರುತ್ತದೆ. ಏಡಿ ಬಂಜೆಯಾಗುತ್ತದೆ, ಚಿಪ್ಪು ಕಳಚುವುದೂ ನಿಂತುಹೋಗುತ್ತದೆ. ಪರರ ಚೀಲವನ್ನು ತನ್ನ ಮೊಟ್ಟೆಯೆಂದೇ ಬಗೆದು ಜೋಪಾನ ಮಾಡುತ್ತದೆ. ಗಂಡೇಡಿಗೆ ಇದು ತಗುಲಿದರೆ ಅದರ ಹೊಟ್ಟೆಯ ಮಡಿಕೆ ಹೆಣ್ಣಿನದರಂತೆ ಅಗಲವಾಗಿ, ಅದೂ ತಾಯಿಯಂತೆಯೇ ನಡೆದುಕೊಳ್ಳುತ್ತದೆ! 1836ರಲ್ಲಿ ಜಾನ್ ವಾನ್ ಥಾಮ್ಸನ್ ಎಂಬ ಸೈನ್ಯದ ವೈದ್ಯನು ಆ ಚೀಲದಿಂದ ಹೊರಟ ಮರಿಗಳನ್ನು ಪರೀಕ್ಷಿಸಿ ಅದರ ಕುಲವನ್ನು ಗುರುತಿಸಿದನು. ಕರ್ಕರೋಗವೆಂಬ ಹೆಸರು ನಿಜವಾಗಿ ಒಪ್ಪುವುದು ಇದಕ್ಕೇ ಎಂದು ನನಗನ್ನಿಸಿತು.

ಸ್ಯಾಕ್ಯುಲಿನ ನಿಸರ್ಗದ ಕೈವಾಡ. ಬಿಳಿಚುಕ್ಕೆ ರೋಗದ ಕಥೆ ಬೇರೆ. ಅಘನಾಶಿನಿಯ ದಡದಲ್ಲಿ ಗಜನಿಯೆಂಬ ಉಪ್ಪುನೀರಿನ ಗದ್ದೆಗಳಿವೆ. ಮಳೆಗಾಲದಲ್ಲಿ ಅಲ್ಲಿ ಕಗ್ಗವೆಂಬ ಭತ್ತ, ಕುಯಿಲಾದ ಮೇಲೆ ಉಬ್ಬರದೊಡನೆ ತಾನಾಗಿ ಬಂದ ಮೀನು, ಸಿಗಡಿ, ಏಡಿ. 1990ರ ದಶಕದಲ್ಲಿ ಸಿಗಡಿಗೆ ಬಂಗಾರದ ಬೆಲೆ ಬಂದಾಗ ಅನೇಕ ಗಜನಿಗಳು ಸಿಗಡಿಯ ಕೊಳಗಳಾದುವು. 1994ರ ಸುಮಾರಿಗೆ ಬಿಳಿಚುಕ್ಕೆಯ ವೈರಸ್ ಭಾರತದ ಕರಾವಳಿಗೆ ಕಾಲಿಟ್ಟಿತು. ರೋಗ ತಗುಲಿದ ಕೊಳದ ಸಿಗಡಿಯೆಲ್ಲ ವಾರ ಹತ್ತು ದಿನಗಳಲ್ಲಿ ನಾಶವಾಗುತ್ತಿತ್ತು. ಏಡಿಯಾದರೋ ಅದೇ ವೈರಸ್ಸನ್ನು ಮೈಯಲ್ಲಿಟ್ಟುಕೊಂಡು ಬಹುಕಾಲ ಬದುಕಬಲ್ಲದು. ಕಟ್ಟೆ ಹತ್ತಿ ಕೊಳದಿಂದ ಕೊಳಕ್ಕೆ ನಡೆಯುವ ಅದು ರೋಗದ ಹರಿಕಾರನೆಂಬ ಅಪವಾದಕ್ಕೆ ಗುರಿಯಾಯಿತು. ಏಡಿ ಬಾರದಂತೆ ಕೊಳಗಳ ಸುತ್ತ ಬೇಲಿ ಕಟ್ಟುವ ರೂಢಿಯೂ ಬಂತು. ಆದರೆ ದೇಶದಿಂದ ದೇಶಕ್ಕೆ ಈ ರೋಗವನ್ನು ಹೊತ್ತದ್ದು ಏಡಿಯ ಎಂಟು ಕಾಲುಗಳಲ್ಲ, ಮನುಷ್ಯನ ಸಿಗಡಿ ವ್ಯಾಪಾರ. ರಕ್ತವನ್ನು ಹಾಲಿನಂತೆ ಬೆಳ್ಳಗಾಗಿಸುವ ಏಕಕೋಶ ಜೀವಿ, ಚಿಪ್ಪನ್ನು ಕೊರೆದು ಕಪ್ಪು ಮಚ್ಚೆ ಮೂಡಿಸುವ ಬ್ಯಾಕ್ಟೀರಿಯಾ, ಹೀಗೆ ಇನ್ನೂ ಹಲವು ವ್ಯಾಧಿಗಳುಂಟು. ಏಡಿಗಳನ್ನು ಕಿಕ್ಕಿರಿದು ಕೂಡಿಹಾಕಿದಲ್ಲಿ, ನೀರು ಕೊಳೆತಲ್ಲಿ, ಅವುಗಳ ಉಪಟಳ ಹೆಚ್ಚು.

ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಕೆಸರೇಡಿ ಅಳಿವೆಯನ್ನು ಬಿಟ್ಟು ಕಡಲಿಗೆ ಹೋಗುತ್ತದೆ. ಅದರ ಮರಿಗಳಿಗೆ ಮೊದಲು ಕಡಲಿನ ಉಪ್ಪೇ ಬೇಕು. ಒಂದೊಂದು ತಾಯಿಯ ಮೊಟ್ಟೆಗಳು ಹತ್ತು ಲಕ್ಷಕ್ಕೂ ಮಿಕ್ಕಿದುವು. ಅವುಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಬೆಳೆದು ಅಳಿವೆಗೆ ಮರಳುತ್ತವೆ. ಹೋಗುವ ತಾಯಿಗೂ ಬರುವ ಮರಿಗೂ ದಾರಿ ಒಂದೇ, ಅಳಿವೆಯ ಬಾಯಿ. ಅಲ್ಲಿ ಬಲೆಗಳು ಒತ್ತಾದಷ್ಟೂ ಆ ಬೆರಳೆಣಿಕೆಯೂ ಕಡಿಮೆಯಾಗುತ್ತದೆ.

ದಡ ಸೇರುವ ಹೊತ್ತಿಗೆ ಬುಟ್ಟಿಯಲ್ಲಿದ್ದುದು ನಾಲ್ಕೇ ಏಡಿ. ಮುದುಕರು ಅವುಗಳ ಕೊಂಡಿಗಳನ್ನು ಹಗ್ಗದಿಂದ ಬಿಗಿಯುತ್ತಿದ್ದಾಗ, ನೀರು ತುಂಬಿದ ಏಡಿಗಳನ್ನೂ ಕೊಂಡು ಮೂರು ನಾಲ್ಕು ವಾರ ಮೇಯಿಸಿ ಮಾರುವವರಿದ್ದಾರೆಂದು ನಾನು ಕೇಳಿದ್ದುದು ನೆನಪಾಯಿತು. ಹಾಗಾದರೆ ಬೆಳಗಿನದನ್ನು ಬಿಟ್ಟದ್ದು ನಷ್ಟವಲ್ಲವೇ ಎಂದೆ.

“ಕೊಳ್ಳುವವರಿದ್ದಾರೆ, ಮಾಸ್ತರೆ. ಅರ್ಧ ಬೆಲೆ ಕೊಡ್ತಾರೆ,” ಎಂದರು ಅವರು ಗಂಟು ಬಿಗಿಯುತ್ತ. “ಮೇಯಿಸೂದಕ್ಕೆ ಹೊಳೆ ಸಾಲದೇ?”