ಹಳೆಯ ಕಾರಿನ ಬೆಲ್ಟು ಮತ್ತು ರಾಟೆ

ಮಂಡ್ಯ ಸೀಮೆಯವರಿಗೆ ಬೆಲ್ಟು, ರಾಟೆಗಳ ಕಾರ್ಯವನ್ನು ಹೊಸದಾಗಿ ಪರಿಚಯಿಸಬೇಕಾದ ಅಗತ್ಯವಿಲ್ಲ. ಎತ್ತುಗಳು ತಿರುಗಿಸುತ್ತಿದ್ದ ಗಾಣದ ಸ್ಥಾನದಲ್ಲಿ ಯಂತ್ರದ ಗಾಣ ಬಂದ ತರುವಾಯ, ಆಲೆಮನೆಯ ಒಂದು ಮೂಲೆಯಲ್ಲಿ ನಿಂತ ಎಂಜಿನ್ನೋ ವಿದ್ಯುತ್ ಮೋಟಾರೋ ಅಗಲವಾದ ಪಟ್ಟಿಯ ಮೂಲಕ ಗಾಣವನ್ನು ತಿರುಗಿಸುವ ದೃಶ್ಯ ಇಲ್ಲಿಯ ಮಕ್ಕಳಿಗೂ ಪರಿಚಿತ. ಪಟ್ಟಿ ಜಾರಿದರೆ ಎಂಜಿನ್ ಓಡುತ್ತಿದ್ದರೂ ಗಾಣ ನಿಲ್ಲುತ್ತದೆ. ಕಾರಿನ ಎಂಜಿನ್ನಿನ ಮುಂಭಾಗದಲ್ಲಿ ನಡೆಯುವುದೂ ಇದೇ ವ್ಯವಹಾರ. ಭೇದವಿಷ್ಟೆ: ಗಾಣ ನಿಂತುದು ಕಣ್ಣಿಗೆ ಕಾಣುತ್ತದೆ, ಕಾರಿನ ಬಾನೆಟ್ಟಿನ ಅಡಿಯಲ್ಲಿ ಬೆಲ್ಟು ಜಾರುವುದು ಕಾಣುವುದಿಲ್ಲ.

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಪ್ರೀಮಿಯರ್ ಪದ್ಮಿನಿ ಅದಕ್ಕೂ ಮೊದಲೇ ಮರೆಯಾಯಿತು. ಆದರೂ ಹಿರಿಯರು ಕೊಂಡ ಕಾರನ್ನು ಅಭಿಮಾನದಿಂದ ಉಳಿಸಿಕೊಂಡು, ಮದುವೆ, ಜಾತ್ರೆಗಳಿಗೆ ಹೊರಡಿಸುವ ಮನೆಗಳು ಇಂದಿಗೂ ಇವೆ. ಈ ಕಾರುಗಳ ಹಳೆಯ ಎಂಜಿನ್ನುಗಳಲ್ಲಿ ಒಂದೇ ಒಂದು ಬೆಲ್ಟು ಮೂರು ರಾಟೆಗಳನ್ನು ಬಳಸಿ ಸುತ್ತುತ್ತದೆ. ಕೆಳಗಿನದು ಎಂಜಿನ್ನಿನ ಕ್ರ್ಯಾಂಕ್ ದಂಡದ ರಾಟೆ. ಮೇಲಿನದು ನೀರಿನ ಪಂಪು ಹಾಗೂ ಫ್ಯಾನಿನ ರಾಟೆ. ಪಕ್ಕದ್ದು ಡೈನಮೋ ಅಥವಾ ಆಲ್ಟರ್ನೇಟರಿನ ರಾಟೆ. ಆದುದರಿಂದ ಆ ಒಂದು ಬೆಲ್ಟು ತುಂಡಾದರೆ ಎಂಜಿನ್ನಿನ ತಂಪು ಮತ್ತು ಬ್ಯಾಟರಿಯ ಪೋಷಣೆ ಎರಡೂ ಒಟ್ಟಿಗೇ ನಿಲ್ಲುತ್ತವೆ.

ಕಬ್ಬಿನ ಕಾಲದಲ್ಲಿ ಈ ಮಾತಿನ ಸತ್ಯ ಚೆನ್ನಾಗಿ ಅರಿವಾಗುತ್ತದೆ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ, ಭಾರತೀನಗರದ ಸಕ್ಕರೆ ಕಾರ್ಖಾನೆಯ ಸುತ್ತ ಕಬ್ಬಿನ ಗಾಡಿಗಳೂ ಟ್ರ್ಯಾಕ್ಟರುಗಳೂ ಸಾಲುಗಟ್ಟಿದಾಗ ಕಾರು ಆಮೆಯ ನಡೆಯಲ್ಲಿ ಸಾಗಬೇಕು. ವೇಗವಿದ್ದಾಗ ಎದುರುಗಾಳಿಯೇ ರೇಡಿಯೇಟರನ್ನು ತಂಪುಮಾಡುತ್ತದೆ. ವೇಗವಿಲ್ಲದಾಗ ಫ್ಯಾನೊಂದೇ ಗತಿ. ಬೆಲ್ಟು ಸಡಿಲವಾಗಿದ್ದರೆ ನೀರು ಕುದಿಯುವುದು ಇಂತಹ ಸ್ಥಳದಲ್ಲಿಯೇ. 2023ರ ಮಾರ್ಚಿಯಲ್ಲಿ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿಯಾದರೋ ಅಪಾಯದ ಸ್ವರೂಪ ಬೇರೆ. ಅಲ್ಲಿ ಎಂಜಿನ್ನು ಗಂಟೆಗಟ್ಟಲೆ ವೇಗವಾಗಿ ತಿರುಗುವುದರಿಂದ ಹಳೆಯ ಬೇರಿಂಗುಗಳ ದುರ್ಬಲತೆ ಬೇಗನೆ ಹೊರಬೀಳುತ್ತದೆ.

ಕಾರಿನ ಬೆಲ್ಟು ಆಲೆಮನೆಯ ಪಟ್ಟಿಯಂತೆ ಚಪ್ಪಟೆಯಲ್ಲ, ಬೆಣೆಯ ಆಕಾರದ್ದು. ಅದರ ಹಿಡಿತವೆಲ್ಲ ಎರಡು ಪಕ್ಕಗಳಲ್ಲಿದೆ, ತಳದಲ್ಲಿಲ್ಲ. ಬೆಲ್ಟು ಸವೆದಾಗ, ಇಲ್ಲವೆ ರಾಟೆಯ ಕಾಲುವೆಯೇ ಸವೆದು ಅಗಲವಾದಾಗ, ಬೆಲ್ಟು ಕೆಳಕ್ಕಿಳಿದು ಕಾಲುವೆಯ ತಳಕ್ಕೆ ತಾಗುತ್ತದೆ. ಅಲ್ಲಿಗೆ ಹಿಡಿತ ತಪ್ಪುತ್ತದೆ. ಕಾಲುವೆಯ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಇದೇ ಅದರ ಗುರುತು. ಜಾರಿದ ಬೆಲ್ಟು ಬಿಸಿಯೇರಿ, ಗಾಜಿನಂತೆ ನುಣುಪಾಗಿ, ಮತ್ತಷ್ಟು ಜಾರುತ್ತದೆ. ಬೆಳಗ್ಗೆ ಎಂಜಿನ್ ಹೊರಡಿಸಿದಾಗ ಕೇಳುವ ಕೀರಲು ಧ್ವನಿ ಇದರದೇ. ಈ ಧ್ವನಿಯನ್ನಡಗಿಸಲು ಎಣ್ಣೆ ಸವರುವುದು ದೊಡ್ಡ ತಪ್ಪು. ಎಣ್ಣೆಯಿಂದ ಹಿಡಿತ ಇನ್ನೂ ಕಡಿಮೆಯಾಗುವುದಲ್ಲದೆ ರಬ್ಬರೂ ಕೆಡುತ್ತದೆ.

ಹೊಸ ಬೆಲ್ಟು ಹಾಕಿದ ಕೆಲವೇ ದಿನಗಳಲ್ಲಿ ಅದೂ ಹಾಳಾದರೆ ದೋಷವನ್ನು ರಾಟೆಯಲ್ಲಿ ಹುಡುಕಬೇಕು. ಮೂರು ರಾಟೆಗಳೂ ಒಂದೇ ನೇರದಲ್ಲಿರಬೇಕು. ಒಂದು ರಾಟೆ ಓರೆಯಾಗಿದ್ದರೆ ಬೆಲ್ಟಿನ ಒಂದು ಅಂಚು ಮಾತ್ರ ನೂಲು ಬಿಡುತ್ತದೆ. ಎಂಜಿನ್ ನಿಲ್ಲಿಸಿ, ಬೆಲ್ಟನ್ನು ಬಿಚ್ಚಿ, ಪಂಪಿನ ಹಾಗೂ ಡೈನಮೋದ ರಾಟೆಗಳನ್ನು ಕೈಯಿಂದ ತಿರುಗಿಸಿ ನೋಡಬೇಕು. ಗರಗರ ಸದ್ದಾಗಲಿ, ಅಲುಗಾಟವಾಗಲಿ ಕಂಡುಬಂದರೆ ಬೇರಿಂಗು ಸವೆದಿದೆಯೆಂದೇ ಅರ್ಥ. ಪಂಪಿನ ಅಡಿಯಿಂದ ನೀರು ತೊಟ್ಟಿಕ್ಕುವುದೂ ಪಂಪು ಕೆಡುತ್ತಿರುವ ಸೂಚನೆ. ಬೆಲ್ಟನ್ನು ಅತಿಯಾಗಿ ಬಿಗಿಯುವುದೇ ಬೇರಿಂಗು ಹಾಳಾಗಲು ಅನೇಕ ವೇಳೆ ಕಾರಣ. ಎರಡು ರಾಟೆಗಳ ನಡುವೆ ಬೆರಳಿನಿಂದ ಒತ್ತಿದರೆ ಬೆಲ್ಟು ಸಾಮಾನ್ಯವಾಗಿ ಅರ್ಧ ಅಂಗುಲದಷ್ಟು ಬಾಗಬೇಕು. ಕಾರಿನ ಕೈಪಿಡಿಯಲ್ಲಿ ಬೇರೆ ಅಳತೆಯಿದ್ದರೆ ಅದೇ ಪ್ರಮಾಣ. ಓಡದೆ ನಿಂತ ಕಾರಿನ ಬೆಲ್ಟು ಸವೆಯುವುದಿಲ್ಲವೆಂಬ ಭಾವನೆಯೂ ಸರಿಯಲ್ಲ. ವರ್ಷಗಳು ಕಳೆದಂತೆ ರಬ್ಬರು ನಿಂತಲ್ಲಿಯೇ ಗಡುಸಾಗಿ ಬಿರುಕು ಬಿಡುತ್ತದೆ.

ದಾರಿಯಲ್ಲಿ ಹೋಗುವಾಗ ಚಾರ್ಜಿನ ಕೆಂಪು ದೀಪ ಹೊತ್ತಿಕೊಂಡು, ಉಷ್ಣದ ಮುಳ್ಳು ಮೇಲೇರತೊಡಗಿದರೆ, ಮುಂದಿನ ಊರಿನವರೆಗೆ ಹೋಗಿಬಿಡೋಣವೆಂಬ ಆಸೆ ಸಲ್ಲದು. ಒಂದು ಬೆಲ್ಟಿನ ಬೆಲೆಯಲ್ಲಿ ಮುಗಿಯಬೇಕಾದ ಕೆಲಸ ಸಿಲಿಂಡರ್ ಹೆಡ್ಡು ಬಾಗುವವರೆಗೆ ಬೆಳೆಯುವುದು ಆ ಕೆಲವು ಮೈಲಿಗಳಲ್ಲಿಯೇ. ಕಾರನ್ನು ರಸ್ತೆಯ ಬದಿಗೆ ಸರಿಸಿ, ಎಂಜಿನ್ ನಿಲ್ಲಿಸಿ, ಕೀಲಿ ತೆಗೆದುಕೊಂಡು, ತಣ್ಣಗಾಗುವವರೆಗೆ ಕಾಯಬೇಕು. ಬಿಸಿ ರೇಡಿಯೇಟರಿನ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಓಡುತ್ತಿರುವ ಎಂಜಿನ್ನಿನ ಮೇಲೆ ಬಾಗುವಾಗ ಹೆಗಲ ಮೇಲಿನ ವಸ್ತ್ರವಾಗಲಿ, ಸೀರೆಯ ಸೆರಗಾಗಲಿ ಬೆಲ್ಟಿಗೆ ಸಿಕ್ಕರೆ ಪ್ರಾಣಕ್ಕೇ ಸಂಚಕಾರ. ಸರಿಯಾದ ಅಳತೆಯ ಬೆಲ್ಟೊಂದು ಡಿಕ್ಕಿಯಲ್ಲಿ ಸದಾ ಇರುವುದು ಒಳ್ಳೆಯದು. ಹೊಸದನ್ನು ಹಾಕುವಾಗ ಡೈನಮೋದ ಬೋಲ್ಟುಗಳನ್ನು ಸಡಿಲಿಸಬೇಕೇ ಹೊರತು ಸ್ಕ್ರೂಡ್ರೈವರಿನಿಂದ ಬೆಲ್ಟನ್ನು ಮೀಟಿ ಏರಿಸಬಾರದು. ಹೊಸ ಬೆಲ್ಟು ಮೊದಮೊದಲು ಹಿಗ್ಗುವುದರಿಂದ ಸ್ವಲ್ಪ ದೂರ ಓಡಿದ ಬಳಿಕ ಬಿಗಿಯನ್ನು ಮತ್ತೊಮ್ಮೆ ಪರೀಕ್ಷಿಸುವುದು ಅವಶ್ಯ.

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕಾರಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಹಳೆಯ ಅಂಬಾಸಿಡರ್, ಪದ್ಮಿನಿಗಳಲ್ಲಿ ಕವಾಟಗಳ ಕಾಲವನ್ನು ನಿಯಂತ್ರಿಸುವುದು ಉಕ್ಕಿನ ಸರಪಳಿ. ಮಾರುತಿಯಲ್ಲಿ ಅದು ಹಲ್ಲುಗಳುಳ್ಳ ರಬ್ಬರ್ ಬೆಲ್ಟು. ಮುಚ್ಚಳದ ಒಳಗಿರುವ ಈ ಟೈಮಿಂಗ್ ಬೆಲ್ಟು ಬಹುಮಟ್ಟಿಗೆ ಸದ್ದುಮಾಡದೆ ತುಂಡಾಗುತ್ತದೆ. ಆ ಕ್ಷಣವೇ ಎಂಜಿನ್ ನಿಲ್ಲುತ್ತದೆ. ಇದಕ್ಕೆ ಕಿವಿಗೊಟ್ಟು ಕುಳಿತರೆ ಪ್ರಯೋಜನವಿಲ್ಲ. ಓಡಿದ ದೂರವನ್ನೂ ಕಳೆದ ವರ್ಷಗಳನ್ನೂ ಲೆಕ್ಕವಿಟ್ಟು, ಬಿಗಿಗೊಳಿಸುವ ರಾಟೆಯನ್ನೂ ಪರೀಕ್ಷಿಸಿ, ಅವಧಿಗೆ ಮುನ್ನವೇ ಬದಲಾಯಿಸಬೇಕು.

ಕೂಗಿ ಹೇಳುವ ಬೆಲ್ಟಿನ ಮಾತನ್ನು ಕೇಳಬೇಕು; ಮೌನವಾಗಿರುವ ಬೆಲ್ಟಿನ ವಯಸ್ಸನ್ನು ಎಣಿಸಬೇಕು. ಹಿರಿಯರ ಕಾರನ್ನು ಮನೆಯ ಮುಂದೆ ನಿಲ್ಲಿಸಿಕೊಂಡವರು ಇವೆರಡನ್ನೂ ಮರೆಯದಿದ್ದರೆ, ರಾತ್ರಿಯ ವೇಳೆ ರೋಗಿಯನ್ನು ಮಂಡ್ಯದ ಆಸ್ಪತ್ರೆಗೆ ಕರೆದೊಯ್ಯಬೇಕಾದಾಗಲೂ ಆ ಕಾರು ನಡುದಾರಿಯಲ್ಲಿ ಕೈಬಿಡುವ ಸಂಭವ ಬಹಳಮಟ್ಟಿಗೆ ತಪ್ಪುತ್ತದೆ.